ಮೂಗಿಗೂ ಒಂದು ತವರುಮನೆ

ಪ್ರಪಂಚದಲ್ಲಿ ಎಲ್ಲರ ಮನೆಗೂ ಒಂದು ವಾಸನೆ ಇದೆ, ನಮ್ಮ ಮನೆಯೊಂದನ್ನು ಬಿಟ್ಟು. ಹೀಗೆ ನಂಬಿರುವವನು ನಾನೊಬ್ಬನೇ ಅಲ್ಲ. ನೀವೂ ನಂಬಿದ್ದೀರಿ, ನಿಮ್ಮ ಎದುರುಮನೆಯವರೂ ನಂಬಿದ್ದಾರೆ. ಗೆಳೆಯರ ಮನೆಯ ಬಾಗಿಲು ತೆರೆದೊಡನೆ ಇಲ್ಲಿ ದಿನಾ ಧೂಪ ಹಾಕುತ್ತಾರೆ, ಇಲ್ಲಿ ನಾಯಿ ಸಾಕಿದ್ದಾರೆ, ಇಲ್ಲಿ ಒಗೆದ ಬಟ್ಟೆ ಒಳಗೇ ಒಣಗುತ್ತದೆ ಎಂದು ಥಟ್ಟನೆ ಹೇಳುವ ಮೂಗು, ಸ್ವಂತ ಮನೆಯ ಹೊಸ್ತಿಲು ದಾಟಿದ ಕೂಡಲೇ ರಜೆ ಹಾಕುತ್ತದೆ.

ಇದು ಮೂಗಿನ ಸೋಮಾರಿತನವಲ್ಲ, ಅದು ಕೆಲಸ ಮಾಡುವ ರೀತಿಯೇ ಹಾಗೆ. ಒಂದೇ ವಾಸನೆ ಬಿಡದೆ ಬರುತ್ತಿದ್ದರೆ ಮೂಗು, ಮಿದುಳು ಎರಡೂ ಕೆಲವೇ ನಿಮಿಷಗಳಲ್ಲಿ ಅದರ ಗೊಡವೆ ಬಿಡುತ್ತವೆ. ಹೊಸದಾಗಿ ಎದ್ದ ಹೊಗೆಯೋ ಹಳಸಿದ ಅನ್ನವೋ ಗೊತ್ತಾಗಬೇಕಾದರೆ ಹಳೆಯದನ್ನು ಮರೆಯಲೇಬೇಕು. ಬೇಸಿಗೆ ರಜೆಯಲ್ಲಿ ಊರಿಗೆ ಹೋಗಿ ಬಂದು ಬೀಗ ತೆಗೆದ ಗಳಿಗೆಯಲ್ಲಿ ಮಾತ್ರ ನಮ್ಮ ಮನೆಗೂ ಒಂದು ವಾಸನೆ ಇರುವುದು ತಿಳಿಯುತ್ತದೆ. ಬ್ಯಾಗು ಇಳಿಸಿ ಕಿಟಕಿ ತೆರೆಯುವಷ್ಟರಲ್ಲಿ ಆ ಜ್ಞಾನೋದಯವೂ ಮಾಯ.

ನನ್ನ ಮೂಗು ಬೆಳೆದದ್ದು ಇಂಗಿನ ಮನೆಯಲ್ಲಿ. ಸಾರಿನ ಒಗ್ಗರಣೆಗೆ ಇಂಗು ಬಿದ್ದರೆ ನಮಗದು ಬರೀ ಪರಿಮಳವಲ್ಲ, ಮಡಿಯ ಪರಿಮಳ. ಈರುಳ್ಳಿ ಬೆಳ್ಳುಳ್ಳಿಗೆ ಪ್ರವೇಶವಿಲ್ಲದ ಅಡುಗೆಗಳಲ್ಲಿ ಅವುಗಳ ಜಾಗದಲ್ಲಿ ಕೂರುವುದು ಇದೇ ಇಂಗು. ಹಾಗಾದರೆ ಇಂಗೆಂದರೇನು? ಅಫ್ಘಾನಿಸ್ತಾನ, ಇರಾನಿನ ಒಣಗುಡ್ಡಗಳಲ್ಲಿ ಬೆಳೆಯುವ ಗಿಡದ ಬೇರನ್ನು ಗೀರಿ ತೆಗೆದ ಅಂಟು. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ 2020ರಲ್ಲಿ ಸಸಿ ನೆಡುವವರೆಗೆ ನಮ್ಮ ದೇಶದಲ್ಲಿ ಅದರ ಬೇಸಾಯವೇ ಇರಲಿಲ್ಲ. ಅದರ ಘಾಟಿಗೆ ಕಾರಣ ಗಂಧಕದ ಸಂಯುಕ್ತಗಳು. ಬೆಳ್ಳುಳ್ಳಿಯ ಘಾಟಿಗೂ ಅದೇ ಕುಲದವೇ ಕಾರಣ. ಪರದೇಶದಿಂದ ಬಂದ ಬೆಳ್ಳುಳ್ಳಿಯ ದಾಯಾದಿಯನ್ನು ಮಡಿಯಲ್ಲಿ ಕೂರಿಸಿಕೊಂಡು, ಪಕ್ಕದ ಮನೆಯ ಬೆಳ್ಳುಳ್ಳಿಗೆ ಮುರಿಯುತ್ತಿದ್ದ ನಮ್ಮ ವಂಶದ ಮೂಗನ್ನು ನೆನೆದರೆ ನಗು ಬರುತ್ತದೆ.

ಮೂಗಿನದು ಅವಸರದ ಸ್ವಭಾವ. ಕಣ್ಣು ಕಿವಿ ಕೊಡುವ ಸುದ್ದಿ ಮಿದುಳಿನ ಥಲಾಮಸ್ ಎಂಬ ಭಾಗವನ್ನು ಹಾದು ಮುಂದೆ ಹೋಗಬೇಕು. ವಾಸನೆಗೆ ಆ ಕಟ್ಟುಪಾಡಿಲ್ಲ, ಭಾವನೆ ಮತ್ತು ನೆನಪುಗಳನ್ನು ನೋಡಿಕೊಳ್ಳುವ ಭಾಗಗಳಿಗೆ ನೇರವಾಗಿ ನುಗ್ಗುತ್ತದೆ. ಹಾಗಾಗಿ ಯೋಚನೆ ಬರುವ ಮೊದಲೇ ಅಸಹ್ಯ ಬಂದು ಕೂತಿರುತ್ತದೆ. ಬಸುರಿ ತಿಂದ ಬೆಳ್ಳುಳ್ಳಿ, ಸೋಂಪಿನ ಪರಿಮಳ ಹೊಟ್ಟೆಯೊಳಗಿನ ಮಗುವಿಗೂ ತಲುಪುತ್ತದೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಅಂದರೆ ಮೂಗಿಗೂ ಒಂದು ತವರುಮನೆಯಿದೆ. ನಾವು ತತ್ತ್ವ, ಸಂಸ್ಕಾರ ಎಂದೆಲ್ಲ ಹೆಸರಿಟ್ಟಿರುವ ಎಷ್ಟೋ ಇಷ್ಟಾನಿಷ್ಟಗಳು ಅಮ್ಮನ ಒಗ್ಗರಣೆಯಲ್ಲದೆ ಬೇರೇನಲ್ಲ.

ಇದು ತಿಳಿಯದೆ ಎಷ್ಟು ಸಂಸಾರಗಳು ಹೊಗೆಯಾಡಿವೆಯೋ! ಘಟ್ಟದ ಕೆಳಗಿನಿಂದ ಬಂದ ಸೊಸೆ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಮೈಸೂರು ಸೀಮೆಯ ಅತ್ತೆಗೆ "ತಲೆಗೆ ಹಚ್ಚೋ ಎಣ್ಣೆ ಪಲ್ಯಕ್ಕೆ ಹಾಕ್ತಾಳಲ್ಲ" ಎಂಬ ಸಂಕಟ. ಅತ್ತೆ ಅವರೆಕಾಯಿಯ ಸೊಗಡನ್ನು ಮೂಸಿ ಮೂಸಿ ಸುಖಪಡುವಾಗ ಸೊಸೆಗೆ ದನದ ಕೊಟ್ಟಿಗೆಯ ಹಸಿಹುಲ್ಲಿನ ನೆನಪು. ಇಬ್ಬರೂ ಸರಿಯೇ. ಆದರೆ ಉಗ್ರಾಣದ ಬೀಗದಕೈ ಯಾರ ಸೊಂಟದಲ್ಲಿದೆಯೋ ಅವರ ಮೂಗೇ ಮನೆಗೆ ಕಾನೂನು. "ನಮ್ಮ ಕಡೆ ಹೀಗೆ ರೂಢಿ ಕಣಮ್ಮ, ನಿಮ್ಮ ಕಡೆ ಹೇಗೆ ಮಾಡ್ತೀರಿ?" ಎಂದು ಕೇಳುವ ಅತ್ತೆ ತನ್ನದೂ ಒಂದು 'ಕಡೆ'ಯಷ್ಟೇ ಎಂದು ಅರಿತವಳು. ಅಂಥ ಮನೆಯಲ್ಲಿ ಎರಡು ಬಗೆಯ ಎಣ್ಣೆ ಇರುತ್ತದೆ, ಜಗಳ ಅರ್ಧವಾಗಿರುತ್ತದೆ.

ಮನೆಯೊಳಗೆ ಬೀಗದಕೈ ಮಾಡುವ ಕೆಲಸವನ್ನು ಊರಿನಲ್ಲಿ ಜನರ ಸಂಖ್ಯೆ ಮಾಡುತ್ತದೆ. 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯ ರಾಜ್ಯಗಳಿಂದ ಬಂದವರಿಗೆಂದು ಒಂದು ಕಿರುಹೊತ್ತಗೆ ತಂದರು. ಬಿದಿರಿನ ಮೊಳಕೆ, ಅಖುನಿಗಳಂಥ ವಾಸನೆಯ ಅಡುಗೆ ಮಾಡುವಾಗ ನೆರೆಹೊರೆಯಲ್ಲಿ ಗಲಾಟೆಯಾಗದಂತೆ ನೋಡಿಕೊಳ್ಳಬೇಕೆಂಬ ಬುದ್ಧಿವಾದ ಅದರಲ್ಲಿತ್ತು. ಅಖುನಿಯೆಂದರೆ ನಾಗಾಲ್ಯಾಂಡಿನ ಹುದುಗಿಸಿದ ಸೋಯಾ. ಬಿದಿರಿನ ಮೊಳಕೆ? ನಮ್ಮ ಮಲೆನಾಡಿನ ಕಳಲೆ! ಅವರು ಹುಳಿ ಬರಿಸುತ್ತಾರೆ, ನಮ್ಮವರು ಹೆಚ್ಚಿ, ದಿನಾ ನೀರು ಬದಲಿಸಿ ನೆನೆಹಾಕುತ್ತಾರೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಬಾಯಲ್ಲಿ ನೀರೂರಿಸುವ ವಾಸನೆ ದೆಹಲಿಯ ಬಾಡಿಗೆ ಮನೆಯಲ್ಲಿ ಪೊಲೀಸರ ಕಿವಿಗೆ ಬೀಳುವ ದೂರಾಗುತ್ತದೆ. ದೆಹಲಿಯನ್ನು ಬೈದು ನಾವು ಪಾರಾಗುವಂತಿಲ್ಲ. ಬೆಂಗಳೂರಿನಲ್ಲಿ 'ಟು ಲೆಟ್' ಬೋರ್ಡು ನೋಡಿ ಬಂದವರು ಅಡ್ವಾನ್ಸಿನ ಮಾತೆತ್ತುವ ಮೊದಲೇ "ವೆಜ್ಜಾ, ನಾನ್‌ವೆಜ್ಜಾ?" ಎಂಬ ಪರೀಕ್ಷೆ ಪಾಸಾಗಬೇಕು.

ಹಾಗೆಂದು ನನ್ನ ಮೂಗನ್ನು ನಾನು ಅರಿತ ಮಾತ್ರಕ್ಕೆ ಒಣಮೀನಿನ ವಾಸನೆ ಮಲ್ಲಿಗೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನಮ್ಮ ಕೆಳಗಿನ ಮನೆಯವರು ಕರಾವಳಿಯವರು. ಕಡಲು ಮುನಿಯುವ ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಮೀನು ಒಣಗಿಸಿಡುವುದು ಅಲ್ಲಿಯ ರೂಢಿ. ಈಗಂತೂ ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧವೇ ಇದೆ. ಆ ಕಾಲದಲ್ಲಿ ಅವರ ಬಾಣಲೆ ಕಾದರೆ ನಾನು ನನ್ನ ಕಿಟಕಿ ಮುಚ್ಚುತ್ತೇನೆ. ಅವರ ಕಿಟಕಿ ಮುಚ್ಚಿಸಲು ಅಸೋಸಿಯೇಷನ್ನಿಗೆ ಹೋಗುವುದಿಲ್ಲ. ನನಗೆ ಒಗ್ಗದು ಎನ್ನುವುದಕ್ಕೂ ಅದೇ ಕೆಟ್ಟದ್ದು ಎನ್ನುವುದಕ್ಕೂ ನಡುವೆ ಇರುವುದು ಇಷ್ಟೇ ದೂರ, ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ.

ಈ ಔದಾರ್ಯಕ್ಕೆ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದಾಗ ಒಂದು ದಿನ ಆ ಮನೆಯ ಅಜ್ಜಿ ಲಿಫ್ಟಿನಲ್ಲಿ ಸಿಕ್ಕರು. "ನಿಮ್ಮಲ್ಲಿ ಇವತ್ತು ಸಾರು ಜೋರುಂಟಲ್ಲ ಮಾರಾಯ್ರೆ! ಇಂಗಿನ ಪರಿಮಳ ನಮ್ಮ ದೇವರ ಕೋಣೆವರೆಗೆ ಬಂದಿದೆ" ಎಂದು ನಕ್ಕರು. ಪರಿಮಳ ಎಂದದ್ದು ಅವರ ದೊಡ್ಡತನ.

ಬೇರೆಯವರನ್ನು ಸಹಿಸಿಕೊಂಡು ಬಾಳುತ್ತಿದ್ದೇನೆ ಎಂದು ಬೀಗುವವರಿಗೆ ಹೇಳಬೇಕಾದದ್ದು ಇಷ್ಟೇ: ಅವರೂ ನಿಮ್ಮನ್ನು ಸಹಿಸಿಕೊಂಡೇ ಬಂದಿದ್ದಾರೆ, ಬಾಯಿಬಿಟ್ಟು ಹೇಳಿಲ್ಲ ಅಷ್ಟೆ.