ಎರಡು ದೇಶದ ಎರಡು ಬಂಡಿಗಳು

ಭಟ್ಕಳ, ಹೊನ್ನಾವರ, ಕುಮಟೆಗಳ ದಾರಿಯಲ್ಲಿ ಬಹುಕಾಲ ಓಡಿದ ಬಾಡಿಗೆ ಮೋಟಾರುಗಳಲ್ಲಿ ಎರಡು ಕುಲಗಳು ಮುಖ್ಯವಾದವು. ಅಂಬಾಸಿಡರಿನ ತವರು ಇಂಗ್ಲೆಂಡು. ಮೋರಿಸ್ ಆಕ್ಸ್‌ಫರ್ಡಿನ ಪಡಿಯಚ್ಚಾಗಿ ಅದು ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ತಯಾರಾಗುತ್ತಿತ್ತು. ಪದ್ಮಿನಿಯಾದರೋ ಇಟಲಿಯ ಫಿಯೆಟ್ ೧೧೦೦ರ ಕುವರಿ. ಮುಂಬಯಿಯ ಕುರ್ಲಾದಲ್ಲಿ ಬೆಳೆದವಳು. ಚಿತೋಡದ ರಾಣಿಯ ಹೆಸರು ಬಂದ ಮೇಲೂ ಜನರ ಬಾಯಲ್ಲಿ ಆಕೆ ಫಿಯೆಟ್ಟಾಗಿಯೇ ಉಳಿದಳು.

ಒಂದಕ್ಕೆ ೧೪೮೯ ಘನ ಸೆಂಟಿಮೀಟರಿನ ಯಂತ್ರ, ಇನ್ನೊಂದಕ್ಕೆ ೧೦೮೯. ಸಪಾಟು ದಾರಿಯಲ್ಲಿ ಹಗುರಾದ ಫಿಯೆಟ್ಟೇ ಚುರುಕು. ಹನಿ ಪೆಟ್ರೋಲಿಗೂ ಲೆಕ್ಕವಿಡುವ ಜಾಣ ಸೊಸೆ. ಅಂಬಾಸಿಡರಿನದು ಎಮ್ಮೆಯ ನಡಿಗೆ. ಆದರೂ ಆಷಾಢದ ನಡುರಾತ್ರಿ, ಜಡಿಮಳೆಯಲ್ಲಿ, ಹೆರಿಗೆ ಕಷ್ಟವಾದ ಮಗಳನ್ನು ಮಣಿಪಾಲಕ್ಕೆ ಒಯ್ಯಬೇಕಾದಾಗ ಮನೆಯವರು ಹುಡುಕಿ ತರುತ್ತಿದ್ದುದು ಆ ಎಮ್ಮೆಯನ್ನೇ. ಹಿಂದಿನ ಆಸನದಲ್ಲಿ ಆಕೆ ಒರಗಿ ಮಲಗಬಹುದು, ತಲೆಯನ್ನು ತೊಡೆಯ ಮೇಲಿರಿಸಿಕೊಂಡು ತಾಯಿಯೂ ಕುಳಿತುಕೊಳ್ಳಬಹುದು. ಅಂಥ ಇರುಳಿನಲ್ಲಿ ಪೆಟ್ರೋಲಿನ ಲೆಕ್ಕವನ್ನು ಯಾರು ಕೇಳಿಯಾರು? (ಬ್ರೇಕಿನ ವಿಷಯವನ್ನು ಮಾತ್ರ ಚಾಲಕನ ಪುಣ್ಯಕ್ಕೆ ಬಿಡಬೇಕಾಗಿತ್ತು.)

ಕಡಲ ಉಪ್ಪುಗಾಳಿಗೆ ಇಂಗ್ಲೆಂಡೂ ಒಂದೇ, ಇಟಲಿಯೂ ಒಂದೇ; ಎರಡರ ಬಾಗಿಲ ಅಡಿಯನ್ನೂ ಅದು ಸಮನಾಗಿ ತಿಂದಿತು. ಅಂಬಾಸಿಡರಿನ ತಯಾರಿಕೆ ೨೦೧೪ರಲ್ಲಿ ನಿಂತಿತು. ಪದ್ಮಿನಿಯದು ಅದಕ್ಕೂ ಬಹು ಮೊದಲೇ ನಿಂತಿತ್ತು. ಮುಂಬಯಿಯ ಬೀದಿಗಳಲ್ಲಿ ಉಳಿದಿದ್ದ ಅದರ ಕೊನೆಯ ಟ್ಯಾಕ್ಸಿಗಳು ೨೦೨೩ರ ಅಕ್ಟೋಬರಿನಲ್ಲಿ ಮರೆಯಾದವು.