ಪ್ರಾರ್ಥನೆ ತ್ರೈರಾಶಿಯ ಲೆಕ್ಕವಲ್ಲ



ನನ್ನಲ್ಲಿ ಗಣಿತ ಕಲಿತವರಿಗೆ ತ್ರೈರಾಶಿ ನೆನಪಿರಬಹುದು. ಐದು ತೆಂಗಿನಕಾಯಿಗೆ ಇಷ್ಟು ಬೆಲೆಯಾದರೆ ಎಂಟಕ್ಕೆ ಎಷ್ಟು ಎಂದು ಕೇಳಿದೊಡನೆ ಹಿಂದಿನ ಬೆಂಚಿನವರೂ ಉತ್ತರಿಸುತ್ತಿದ್ದಿರಿ. ಸಂತೆಗೆ ಸಲ್ಲುವ ಈ ಲೆಕ್ಕವನ್ನು ನಮ್ಮ ಕ್ರೈಸ್ತ ಸಭೆಗಳಲ್ಲಿ ಕೆಲವರು ದೇವರಿಗೂ ಅನ್ವಯಿಸುತ್ತಾರೆ. ಇಷ್ಟು ನೀತಿಯಿಂದ ಬಾಳಿದರೆ ಪ್ರಾರ್ಥನೆಗೆ ಇಷ್ಟು ಉತ್ತರ. ಉತ್ತರ ಬಾರದಿದ್ದರೆ ಬಾಳಿನಲ್ಲಿಯೇ ಕೊರತೆ. ಇದಕ್ಕೆ ಆಧಾರವಾಗಿ, ನೀತಿವಂತನ ಪ್ರಾರ್ಥನೆಗೆ ಮಹಾಬಲವುಂಟೆಂದು ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಬರುವ ಮಾತನ್ನು ತೋರಿಸುತ್ತಾರೆ. ಆ ಮಾತನ್ನು ನಾನೂ ನಂಬುತ್ತೇನೆ. ಆದರೆ ಅದನ್ನು ತಿರುಗಿಸಿ ಓದುವುದರಿಂದ ಒಂದು ಮನೆಗೆ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಂಡವನು ನಾನು.

ನಮ್ಮ ತಂದೆಯವರು ಮಂಗಳೂರಿನ ಹಂಚಿನ ಕಾರ್ಖಾನೆಯೊಂದರಲ್ಲಿ ಕೂಲಿ ಮಾಡುತ್ತಿದ್ದರು. ತಾಯಿಯವರು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದರು. 1973ರಲ್ಲಿ ನನ್ನ ಕಿರಿಯ ತಮ್ಮನಿಗೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟಗಳಿಗೆ ತಗುಲಿತು. ಆಗ ಅವನಿಗೆ ಎಂಟು ವರ್ಷ. ಔಷಧೋಪಚಾರ ನಡೆಯಿತು, ಸಭೆಯವರೆಲ್ಲರೂ ಪ್ರಾರ್ಥಿಸಿದರು. ಒಂದು ಸಂಜೆ ಪ್ರಾರ್ಥನೆ ಮುಗಿದ ಮೇಲೆ ಹಿರಿಯರೊಬ್ಬರು, "ಈ ಮನೆಯಲ್ಲಿ ಮರೆಮಾಡಿದ ಪಾಪ ಯಾವುದೋ ಇದೆ. ಅದನ್ನು ಹುಡುಕಿ ತೆಗೆಯದೆ ಪ್ರಾರ್ಥನೆ ಮೇಲಕ್ಕೇರದು" ಎಂದು ಹೇಳಿ ಹೊರಟುಹೋದರು. ಅಂದಿನಿಂದ ಅಮ್ಮನಿಗೆ ನಿದ್ರೆಯಿಲ್ಲ. ಮರುದಿನ ಬೆಳಿಗ್ಗೆ ನೆರೆಮನೆಗೆ ಹೋಗಿ, "ನಿಮ್ಮದು ಒಂದು ಸೇರು ಅಕ್ಕಿಯೇನಾದರೂ ನನ್ನಿಂದ ಬಾಕಿ ಇದೆಯೇ?" ಎಂದು ಕೇಳಿದರು. ಬಾಕಿ ಏನೂ ಇರಲಿಲ್ಲ. ಎರಡು ತಿಂಗಳಲ್ಲಿ ತಮ್ಮ ತೀರಿಕೊಂಡ. ಮಗನನ್ನು ಕಳೆದುಕೊಂಡ ದುಃಖದ ಮೇಲೆ, ತಾನೇ ಅವನನ್ನು ಕಳೆದೆನೋ ಎಂಬ ಸಂಶಯವನ್ನೂ ಆ ತಾಯಿ ಹೊರಬೇಕಾಯಿತು.

ವೇದಪುಸ್ತಕವನ್ನು ಸಮಗ್ರವಾಗಿ ಓದಿದವರು ಹೀಗೆ ಮಾತನಾಡಲಾರರು. ಹುಟ್ಟುಕುರುಡನೊಬ್ಬನನ್ನು ಕಂಡ ಶಿಷ್ಯರು, ಪಾಪ ಮಾಡಿದವನು ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಇಬ್ಬರೂ ಅಲ್ಲವೆಂದು ಯೇಸು ಹೇಳಿದ್ದು ಯೋಹಾನನ ಸುವಾರ್ತೆಯ 9ನೆಯ ಅಧ್ಯಾಯದಲ್ಲಿದೆ. ಯೋಬನ ಕಷ್ಟಕ್ಕೆ ಅವನ ಪಾಪವೇ ಕಾರಣವೆಂದು ವಾದಿಸಿದ ಸ್ನೇಹಿತರ ಮೇಲೆ ಕಡೆಗೆ ದೇವರೇ ಕೋಪಿಸಿಕೊಂಡನು. ಶರೀರದಲ್ಲಿ ನಾಟಿದ್ದ ಮುಳ್ಳು ತೊಲಗಲೆಂದು ಪೌಲನು ಮೂರು ಸಲ ಬೇಡಿದನು. ಮುಳ್ಳು ಹೋಗಲಿಲ್ಲ, ಅದನ್ನು ತಾಳಲು ಸಾಕಾಗುವಷ್ಟು ಕೃಪೆ ದೊರೆಯಿತು. ಇನ್ನು ಗೆತ್ಸೇಮನೆ ತೋಟದಲ್ಲಿ ತನ್ನ ಪಾತ್ರೆ ತೊಲಗಲೆಂದು ಬೇಡಿಕೊಂಡಾತನಿಗಿಂತ ನೀತಿವಂತನನ್ನು ಕ್ರೈಸ್ತರು ಅರಿಯರು. ಆ ಪಾತ್ರೆ ತೊಲಗಲಿಲ್ಲ.

ಪ್ರಾರ್ಥನೆಗೆ ಉತ್ತರ ಪಡೆದವರ ಮಾತು ಬಂದಾಗಲೆಲ್ಲ ನಮ್ಮ ಪ್ರಸಂಗಗಳಲ್ಲಿ ಜಾರ್ಜ್ ಮುಲ್ಲರ್ ಅವರ ಹೆಸರು ಕೇಳಿಬರುತ್ತದೆ. 1805ರಲ್ಲಿ ಪ್ರಷ್ಯದಲ್ಲಿ ಹುಟ್ಟಿದ ಇವರು ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 1836ರಲ್ಲಿ, ಬಾಡಿಗೆಯ ಮನೆಯೊಂದರಲ್ಲಿ, ಅನಾಥಾಲಯ ತೆರೆದರು. 1870ರ ವೇಳೆಗೆ ಆಶ್ಲಿ ಡೌನ್ ಎಂಬಲ್ಲಿ ಐದು ದೊಡ್ಡ ಕಟ್ಟಡಗಳೆದ್ದಿದ್ದವು. 1898ರಲ್ಲಿ ಅವರು ತೀರಿಕೊಳ್ಳುವಷ್ಟರಲ್ಲಿ ಸುಮಾರು 10,000 ಮಕ್ಕಳು ಅಲ್ಲಿ ಆಶ್ರಯ ಪಡೆದಿದ್ದರು. ಹಣಕ್ಕಾಗಿ ಯಾವ ಮನುಷ್ಯನನ್ನೂ ಯಾಚಿಸದೆ ದೇವರನ್ನೇ ಕೇಳುವುದು ಅವರ ನಿಯಮ.

ಈ ಕಥೆಯ ಎರಡು ಸಂಗತಿಗಳನ್ನು ಪ್ರಸಂಗಿಗಳು ಹೇಳುವುದು ಅಪರೂಪ. ಮೊದಲನೆಯದು, ಮುಲ್ಲರ್ ಸಾಲ ಮಾಡುತ್ತಿರಲಿಲ್ಲ. ಬಂದ ಸಣ್ಣ ಕಾಣಿಕೆಗೂ ಲೆಕ್ಕವಿಟ್ಟು ವರದಿ ಪ್ರಕಟಿಸುತ್ತಿದ್ದರು. ಅವರ ನೀತಿ ಮೊಣಕಾಲೂರಿದ ಸ್ಥಳದಲ್ಲಿದ್ದಂತೆ ಲೆಕ್ಕದ ಪುಸ್ತಕದಲ್ಲಿಯೂ ಇತ್ತು. ಎರಡನೆಯದು, ಅವರ ಪುಟ್ಟ ಗಂಡುಮಗು 1833ರಲ್ಲಿ ತೀರಿಕೊಂಡಿತು. ಪತ್ನಿ ಮೇರಿ 1870ರಲ್ಲಿ ತೀರಿಕೊಂಡರು. ಮೇರಿಯವರನ್ನು ಒಯ್ದದ್ದು ರುಮ್ಯಾಟಿಕ್ ಜ್ವರ. ಇದನ್ನು ಮೊದಲ ಬಾರಿ ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸಾವಿರಾರು ಮಕ್ಕಳ ಅನ್ನಕ್ಕಾಗಿ ಬೇಡಿ ಪಡೆದವರ ಮನೆಗೂ ಅದೇ ಜ್ವರ ಬಂದಿತ್ತು, ನಮ್ಮ ಮನೆಗೂ ಬಂದಿತ್ತು. ಅವರಲ್ಲಿ ಮರೆಮಾಡಿದ ಪಾಪವನ್ನು ಯಾರೂ ಹುಡುಕಲಿಲ್ಲವಲ್ಲ!

ಹಾಗಾದರೆ ನೀತಿಗೂ ಪ್ರಾರ್ಥನೆಗೂ ಸಂಬಂಧವೇ ಇಲ್ಲವೇ? ಇದೆ. ಅದು ಯಾಕೋಬನ ಅದೇ 5ನೆಯ ಅಧ್ಯಾಯದಲ್ಲಿಯೇ ಇದೆ. ನೀತಿವಂತನ ಪ್ರಾರ್ಥನೆಯ ಮಾತು ಬರುವುದು 16ನೆಯ ವಚನದಲ್ಲಿ. ಅದಕ್ಕೂ ಮುಂಚೆ, 4ನೆಯ ವಚನದಲ್ಲಿ, ಹೊಲ ಕೊಯ್ದವರಿಗೆ ಕೊಡದೆ ವಂಚಿಸಿದ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಕೊಯ್ದವರ ಮೊರೆ ದೇವರ ಕಿವಿಗೆ ಮುಟ್ಟಿದೆ ಎಂದಿದೆ. ಬೇಡುವವನ ಸ್ವರ ಮೇಲಕ್ಕೇರುವುದಕ್ಕೆ ಮೊದಲೇ ಕೂಲಿಯ ಕೂಗು ಅಲ್ಲಿ ಮುಟ್ಟಿರುತ್ತದೆ. ಆದ್ದರಿಂದ ನೀತಿಯೆಂದರೆ ಉತ್ತರವನ್ನು ಕೊಳ್ಳುವ ಹಣವಲ್ಲ. ಬೇರೊಬ್ಬರ ಮೊರೆಗೆ ದೇವರು ಕೊಡುವ ಉತ್ತರವು ನಮ್ಮ ಕೈಯಿಂದ ಹಾದುಹೋಗಲು ಬಿಡುವ ಬಾಳು ಎಂಬುದು ನನ್ನ ತಿಳಿವಳಿಕೆ.

ಇದನ್ನು ನನಗೆ ತಿಳಿಸಿದವರು ಅಮ್ಮನೇ. ತಮ್ಮ ತೀರಿಕೊಂಡ ಮರುವರ್ಷದ ಮಾತು. ನಮ್ಮ ಓಣಿಯ ಹೆಂಗಸರೆಲ್ಲ ಬೀಡಿ ಕಟ್ಟುವವರೇ. ಎಲೆ, ಹೊಗೆಸೊಪ್ಪು ತಂದು, ಕಟ್ಟಿದ ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ಒಪ್ಪಿಸುತ್ತಿದ್ದರು. ಓದು ಬಾರದ ಕೆಲವರ ಪುಸ್ತಕದಲ್ಲಿ, ಬೀಡಿ ಸರಿಯಿಲ್ಲವೆಂದು ತಳ್ಳಿಹಾಕಿದ ನೆಪದಲ್ಲಿ, ಕಡಿಮೆ ಬರೆಯಲಾಗುತ್ತಿತ್ತು. 8ನೆಯ ತರಗತಿಯವರೆಗೆ ಓದಿದ್ದ ಅಮ್ಮ ಶನಿವಾರಗಳಂದು ಜಗಲಿಯಲ್ಲಿ ಕುಳಿತು ಎಲ್ಲರ ಪುಸ್ತಕಗಳನ್ನೂ ಓದಿ ಹೇಳತೊಡಗಿದರು; ಅಂಕೆಗಳನ್ನು ಗುರುತಿಸುವುದನ್ನೂ ಕಲಿಸಿದರು. ತಮಗೂ ಕೆಲಸ ತಪ್ಪೀತೆಂಬ ಭಯ ಅವರಿಗಿತ್ತು. ಆದರೂ ಬಿಡಲಿಲ್ಲ. ಕ್ರಮೇಣ ಲೆಕ್ಕ ಸರಿಯಾಯಿತು. ನೆರೆಯ ಬ್ಯಾರಿ ಮನೆಯ ಹಿರಿಯ ಹೆಂಗಸೊಬ್ಬರು, "ತಿಂಗಳುಗಟ್ಟಲೆ ದೇವರಲ್ಲಿ ಕೇಳಿಕೊಂಡಿದ್ದೆ, ಅವನು ನಿನ್ನನ್ನು ಕಳುಹಿಸಿದ" ಎಂದು ತುಳುವಿನಲ್ಲಿ ಹೇಳಿದಾಗ ಅಮ್ಮ ಮರುಮಾತನಾಡದೆ ಒಳಗೆ ಹೋದರು. ಆ ರಾತ್ರಿ, ತಮ್ಮನನ್ನು ಮಣ್ಣು ಮಾಡಿದ ಮೇಲೆ ಮೊದಲ ಬಾರಿಗೆ, ಮನೆಯವರೆಲ್ಲ ಕೇಳುವಂತೆ ಗಟ್ಟಿಯಾಗಿ ಪ್ರಾರ್ಥಿಸಿದರು.

ತಮ್ಮನ ವಿಷಯದಲ್ಲಿ ಅಮ್ಮನಿಗೆ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಸಿಕ್ಕಿತೆಂದು ಅವರೂ ಎಂದೂ ಹೇಳಲಿಲ್ಲ. ಉತ್ತರ ಸಿಗದ ಪ್ರಾರ್ಥನೆಯನ್ನು ಎದೆಯಲ್ಲಿಟ್ಟುಕೊಂಡೇ ಇನ್ನೊಬ್ಬರ ಪ್ರಾರ್ಥನೆಗೆ ಉತ್ತರವಾಗಿ ಬಾಳಬಹುದೆಂದು ಮಾತ್ರ ತೋರಿಸಿಕೊಟ್ಟರು.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಗಳಾಗಿದ್ದೀರಿ. ಕೆಲವರ ಮನೆಯಲ್ಲಿ ಕಾಯಿಲೆಯೂ ಇದೆ. ಯಾವ ಧರ್ಮದವರಾದರೂ ಸರಿಯೇ, ಧೈರ್ಯವಾಗಿ ಬೇಡಿರಿ. ಕೇಳಿದ್ದು ದೊರೆಯದಿದ್ದರೆ ನಿಮ್ಮನ್ನು ನೀವೇ ಅಪರಾಧಿಯ ಕಟಕಟೆಯಲ್ಲಿ ನಿಲ್ಲಿಸಬೇಡಿರಿ. ರೋಗಿಯಿರುವ ಮನೆಗೆ ಹೋಗುವವರು ಒಂದು ಪಾತ್ರೆ ಗಂಜಿ ಕೊಂಡೊಯ್ಯಿರಿ, ಒಂದು ರಾತ್ರಿ ಕಾವಲು ಕುಳಿತುಕೊಳ್ಳಿರಿ. ನಿಮ್ಮ ಕೈಕೆಳಗೆ ದುಡಿಯುವವರ ಕೂಲಿಯನ್ನು ಸಂಜೆಯೊಳಗೆ ಕೊಟ್ಟುಬಿಡಿರಿ. ಆಮೇಲೆ ಮೊಣಕಾಲೂರಿರಿ.