ಎಸ್‌.ಪಿ. ರೋಡಿನಲ್ಲಿ ಒಂದು ಹಳೆಯ ಮೈಕು

ಬೆಂಗಳೂರಿನಲ್ಲಿ ‘ಸಾದರ ಪತ್ರಪ್ಪ ರಸ್ತೆ ಎಲ್ಲಿ?’ ಎಂದು ಕೇಳಿದರೆ ಕೆಲವರು ತಲೆ ಕೆರೆದುಕೊಂಡಾರು. ‘ಎಸ್‌.ಪಿ. ರೋಡು’ ಎನ್ನಿ, ಆಟೋದವರಿಂದ ಹಿಡಿದು ಇಂಜಿನಿಯರಿಂಗ್ ಹುಡುಗರವರೆಗೆ ಎಲ್ಲರೂ ದಾರಿ ತೋರಿಸುತ್ತಾರೆ. ಪುರಭವನದ ಹತ್ತಿರದ ಈ ರಸ್ತೆ ಎಲೆಕ್ಟ್ರಾನಿಕ್ ಸಾಮಾನುಗಳ ಪೇಟೆ. ಕಿರಾಣಿ ಅಂಗಡಿಯಲ್ಲಿ ಸಾಸಿವೆ, ಜೀರಿಗೆಯ ಡಬ್ಬಿಗಳಿರುವ ಹಾಗೆ ಇಲ್ಲಿ ರೆಸಿಸ್ಟರ್, ಕೆಪಾಸಿಟರ್‌ಗಳ ಪುಟ್ಟ ಡಬ್ಬಿಗಳು ಸಾಲಾಗಿ ಕೂತಿರುತ್ತವೆ.

ಕಳೆದ ಬೇಸಿಗೆ ರಜೆಯಲ್ಲಿ, ಏಳನೇ ತರಗತಿ ಮುಗಿಸಿದ ಮೊಮ್ಮಗನನ್ನು ಕರೆದುಕೊಂಡು ಕೆ.ಆರ್. ಮಾರುಕಟ್ಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಅಲ್ಲಿಗೆ ನಡೆದೆ. ಕೈಚೀಲದಲ್ಲಿ ನಮ್ಮ ಬಡಾವಣೆಯ ಗಮಕ ಮಂಡಳಿಯ ಮೈಕು. ಸುಮಾರು 50 ವರ್ಷದ್ದು, ಕುಟ್ಟಾಣಿಯಷ್ಟು ಭಾರ. ಮುಂದಿನ ವಾರವೇ ಗದುಗಿನ ಭಾರತದ ವಾಚನ. ನಮ್ಮ ಹಿರಿಯ ಗಮಕಿಗಳಿಗೆ 86 ವರ್ಷ. ‘ಇದೇ ನನ್ನ ಕೊನೆಯ ವಾಚನ’ ಎಂದುಬಿಟ್ಟಿದ್ದರು. ಹೊಸ ಮೈಕು ಅವರಿಗೆ ಒಗ್ಗದು. ಹಳೆಯದರಿಂದ ಎಷ್ಟು ದೂರ ಕೂರಬೇಕು, ಎಲ್ಲಿ ದನಿ ಇಳಿಸಬೇಕು ಎಂಬುದು ಅವರ ಕೊರಳಿಗೇ ಗೊತ್ತು. ಆ ಮೈಕು ಮೂಕವಾಗಿ ಕೂತಿತ್ತು.

ಮೊದಲ ಅಂಗಡಿಯವರು, ‘ಗುಜರಿಗೆ ಹಾಕಿ ಸಾರ್, ಹೊಸದು ಕೊಡ್ತೀನಿ’ ಎಂದರು. ಎರಡನೆಯವರು, ‘ನಮ್ಮಲ್ಲಿ ಮಾರಾಟ ಅಷ್ಟೇ, ರಿಪೇರಿ ಇಲ್ಲ’ ಎಂದರೂ ಎದುರಿನ ಕಟ್ಟಡದ ಕಡೆ ಕೈ ತೋರಿಸಿದರು. ಕಿರಿದಾದ ಮೆಟ್ಟಿಲು ಹತ್ತಿದರೆ ಎರಡನೇ ಮಹಡಿಯಲ್ಲಿ ನನ್ನದೇ ವಯಸ್ಸಿನ ಒಬ್ಬ ರಿಪೇರಿಯವರು.

ಅವರು ಮೈಕನ್ನು ಬಿಚ್ಚುವ ಮೊದಲು ಮೇಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರು. ‘ಯಾಕೆ ತಾತ?’ ಎಂದ ಮೊಮ್ಮಗ. ‘ಇದರೊಳಗೆ ಅಯಸ್ಕಾಂತ ಇದೆ ಕಂದಾ. ಮೇಜಿನ ಮೇಲಿನ ಕಬ್ಬಿಣದ ಪುಡಿ ಒಳಗೆ ಸೇರಿಕೊಂಡರೆ ತೆಗೆಯೋದು ಬಲು ಕಷ್ಟ.’

ಆಮೇಲೆ ಅವರು ಹೇಳಿದ್ದು ಶಾಲೆಯ ಪಾಠದಂತಿತ್ತು. ಡೈನಮಿಕ್ ಮೈಕಿನಲ್ಲಿ ತೆಳುವಾದ ಒಂದು ಪೊರೆ ಇರುತ್ತದೆ. ಅದಕ್ಕೆ ಸಣ್ಣ ತಂತಿಯ ಸುರುಳಿ ಅಂಟಿಕೊಂಡಿರುತ್ತದೆ. ನಾವು ಮಾತಾಡಿದಾಗ ಪೊರೆ ನಡುಗುತ್ತದೆ, ಸುರುಳಿ ಅಯಸ್ಕಾಂತದ ನಡುವೆ ಅಲುಗಾಡುತ್ತದೆ, ಆಗ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ವವೇ ಇದು. ಹಾಗಾಗಿ ಈ ಮೈಕಿಗೆ ಬ್ಯಾಟರಿ ಬೇಡ. ಸ್ಪೀಕರಿನಲ್ಲಿ ನಡೆಯುವುದು ಇದರ ತಿರುಗುಮುರುಗು: ವಿದ್ಯುತ್ತು ಸುರುಳಿಯನ್ನು ಕುಣಿಸುತ್ತದೆ, ಸದ್ದು ಹೊರಡುತ್ತದೆ.

ಮೊದಲು ವೈರು ನೋಡಿದರು. ಪ್ಲಗ್ಗಿನ ಬುಡದಲ್ಲಿ ವೈರು ಮಡಚಿ ಮಡಚಿ ಒಳಗೇ ತುಂಡಾಗುವುದು ಹೆಚ್ಚಂತೆ. ಅದು ಸರಿಯಿತ್ತು. ಮೀಟರ್ ಹಿಡಿದರು, ಸುರುಳಿಯೂ ಸರಿ. ಅದರ ಹಿಂದೆ ಅಡಕೆ ಗಾತ್ರದ ಒಂದು ಟ್ರಾನ್ಸ್‌ಫಾರ್ಮರ್. ಸುರುಳಿಯ ಅತಿ ಸಣ್ಣ ವೋಲ್ಟೇಜನ್ನು ಏರಿಸಿ ಆಂಪ್ಲಿಫೈಯರಿಗೆ ಕೊಡುವುದು ಅದರ ಕೆಲಸ. ಅದರ ಕೂದಲೆಳೆಯಂಥ ತಂತಿ ಕಡಿದಿತ್ತು.

‘ಗಂಟಲು ಚೆನ್ನಾಗಿದೆ ಯಜಮಾನ್ರೇ, ನರ ಕಡಿದಿದೆ’ ಎಂದರು.

ಕೆಟ್ಟ ಮೈಕುಗಳ ಪೆಟ್ಟಿಗೆ ಕೆದಕಿ ಒಂದು ಟ್ರಾನ್ಸ್‌ಫಾರ್ಮರ್ ಹಾಕಿದರು, ದನಿ ಕೀರಲಾಯಿತು. ಇನ್ನೊಂದು ಹಾಕಿದರು, ಮೊಮ್ಮಗನ ‘ಒಂದು, ಎರಡು, ಮೂರು’ ತುಂಬಿಕೊಂಡು ಕೇಳಿಸಿತು. ಕೂಲಿ 400 ರೂಪಾಯಿ. ಬ್ಯಾಂಕಿನ ಅಭ್ಯಾಸ, ರಸೀದಿ ಕೇಳಿದೆ. ಕ್ಯಾಲೆಂಡರಿನ ಹಾಳೆ ಹರಿದು, ಹಾಕಿದ ಭಾಗ ಯಾವುದು, ಯಾವ ತಂತಿ ಎಲ್ಲಿಗೆ ಎಂದು ಚಿತ್ರ ಸಮೇತ ಬರೆದುಕೊಟ್ಟರು. ‘ಮುಂದೆ ರಿಪೇರಿ ಮಾಡೋನಿಗೆ ಬೇಕಾಗುತ್ತೆ.’

ಮನೆಯಲ್ಲಿ ಹಳೆಯ ಮೈಕಿದ್ದರೆ ನೀವೂ ಅಲ್ಲಿಗೆ ಹೋಗಿಬನ್ನಿ. ಮನೆಯಲ್ಲೇ ತಿರುಪು ಬಿಚ್ಚಬೇಡಿ. ಅದರ ವೈರನ್ನೂ ಜೊತೆಗೆ ಒಯ್ಯಿರಿ. ಕೂಲಿ ಮೊದಲೇ ಕೇಳಿ, ತೆಗೆದ ಭಾಗವನ್ನು ವಾಪಸು ತನ್ನಿ. ಮಕ್ಕಳೇ, ಮೈಕಿಗೆ ‘ಫೂ ಫೂ’ ಎಂದು ಊದಬೇಡಿ, ಬೆರಳಿನಿಂದ ಬಡಿಯಬೇಡಿ, ಪೊರೆಗೆ ಪೆಟ್ಟಾಗುತ್ತದೆ.

ವಾಚನದ ದಿನ ಮಂಡಳಿಯ ಅಧ್ಯಕ್ಷರು ಎಂದಿನಂತೆ ಮೈಕು ತಟ್ಟಲು ಬೆರಳೆತ್ತಿದರು. ಮುಂದಿನ ಸಾಲಿನಲ್ಲಿದ್ದ ನನ್ನ ಮೊಮ್ಮಗ ಎದ್ದು ನಿಂತ. ಅವರು ಬೆರಳು ಇಳಿಸಿ, ‘ಎಲ್ಲರಿಗೂ ನಮಸ್ಕಾರ’ ಎಂದರು. ಗಮಕಿಗಳ ದನಿ ಹಿಂದಿನ ಸಾಲಿನವರೆಗೂ ಮುಟ್ಟಿತು. ಮಂಗಳಾರತಿಯಾದ ಮೇಲೆ ಅವರು ಪುಸ್ತಕ ಮಡಚುತ್ತಾ, ‘ಮುಂದಿನ ವರ್ಷ ಯಾವ ಪರ್ವ ಇಟ್ಟುಕೊಳ್ಳೋಣ?’ ಎಂದು ಕೇಳಿದರು.